ತಮ್ಮದಲ್ಲದ ಹೊಲಕ್ಕೆ ಚಂದಾ ಎತ್ತುವ ಊರುಗಳು

ಇಂಗ್ಲೆಂಡಿನ ಹಳ್ಳಿಯ ಅಂಚಿನಲ್ಲಿ ಹೊಸ ಬಡಾವಣೆ ಏಳಲಿದೆ ಎನ್ನುವುದು ಊರಿಗೆ ತಿಳಿಯುವುದು ಸಾಮಾನ್ಯವಾಗಿ ಒಂದು ಹಾಳೆಯಿಂದ. ಹೊಲದ ಗೇಟಿಗೋ ದೀಪದ ಕಂಬಕ್ಕೋ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ನೋಟಿಸು: ಇಂಥ ಜಾಗದಲ್ಲಿ ಇಷ್ಟು ಮನೆ ಕಟ್ಟಲು ಅನುಮತಿ ಕೇಳಲಾಗಿದೆ, ಹೇಳುವುದೇನಾದರೂ ಇದ್ದರೆ 21 ದಿನಗಳೊಳಗೆ ಬರೆದು ತಿಳಿಸಿ. ಬೆಳಿಗ್ಗೆ ನಾಯಿ ಅಡ್ಡಾಡಿಸಲು ಹೋದವರು ಅದನ್ನು ಮೊದಲು ಓದುತ್ತಾರೆ. ಕೆಲವೇ ದಿನಗಳಲ್ಲಿ ಊರಿನ ಸಭಾಂಗಣ ತುಂಬುತ್ತದೆ. ಒಂದು ಸಮಿತಿ, ಒಬ್ಬ ಖಜಾಂಚಿ, ಒಂದು ಬ್ಯಾಂಕ್ ಖಾತೆ ಆಗುತ್ತದೆ. ಆಮೇಲೆ ಕೇಕ್ ಮಾರಾಟ, ಗಿಡಗಳ ಸಂತೆ, ರಸಪ್ರಶ್ನೆಯ ಸಂಜೆ, ಮನೆಯ ಕೈತೋಟ ನೋಡಲು ಟಿಕೆಟ್, ಜೊತೆಗೆ ಇಂಟರ್ನೆಟ್ಟಿನಲ್ಲಿ ದೇಣಿಗೆಯ ಮನವಿ.

ದೂರದಿಂದ ನೋಡುವವರಿಗೆ ಇದು ಒಗಟಿನಂತೆ ಕಾಣುತ್ತದೆ. ಆ ಹೊಲ ಇವರಲ್ಲಿ ಯಾರದೂ ಅಲ್ಲ. ನಮ್ಮ ಕಡೆ ಭೂಮಿಯ ಹೋರಾಟ ಎಂದರೆ ತನ್ನ ಜಮೀನು ಉಳಿಸಿಕೊಳ್ಳಲು ರೈತ ಧರಣಿ ಕೂರುವುದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳವರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇಂಗ್ಲೆಂಡಿನ ಹಳ್ಳಿಯಲ್ಲಿ ಪಾತ್ರಗಳು ಅದಲುಬದಲು. ಅಲ್ಲಿ ಮಾರಲು ಸಿದ್ಧನಾಗಿರುವವನೇ ಭೂಮಿಯ ಒಡೆಯ, ತಡೆಯಲು ಹೊರಟವರು ಅಕ್ಕಪಕ್ಕದವರು. ಪಕ್ಕದವನ ಜಮೀನಿನ ಬಗ್ಗೆ ಇವರಿಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು, ಮಾತನಾಡಲು ದುಡ್ಡು ಏಕೆ ಬೇಕು ಎನ್ನುವ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಟ್ಟುವ ಹಕ್ಕು ಒಡೆಯನದಲ್ಲ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಒಂದು ದಿಟ್ಟ ಕೆಲಸ ಮಾಡಿತು. 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ ಮೂಲಕ ಭೂಮಿಯನ್ನು ಒಡೆಯರ ಬಳಿಯೇ ಬಿಟ್ಟು, ಅದರಲ್ಲಿ ಹೊಸದಾಗಿ ಏನನ್ನಾದರೂ ಕಟ್ಟುವ ಹಕ್ಕನ್ನು ಮಾತ್ರ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. 1948ರ ಜುಲೈ 1ರಿಂದ ಅದು ಜಾರಿಗೆ ಬಂತು. ಅಂದಿನಿಂದ ಹೊಲದ ಒಡೆಯ ಉಳಬಹುದು, ದನ ಮೇಯಿಸಬಹುದು, ಮಾರಬಹುದು. ಮನೆ ಕಟ್ಟಬೇಕೆಂದರೆ ಅನುಮತಿ ಬೇಡಬೇಕು. ಅನುಮತಿ ಕೊಡುವುದು ಜನರ ಹೆಸರಿನಲ್ಲಿ ಆದ್ದರಿಂದ ಜನರನ್ನು ಕೇಳಿ ಕೊಡಬೇಕು. ಪಕ್ಕದ ಮನೆಯ ಅಜ್ಜಿಗೂ ಮಾತನಾಡುವ ಅಧಿಕಾರ ಬಂದದ್ದು ಹೀಗೆ. ಆಕ್ಷೇಪಣೆ ಸಲ್ಲಿಸಲು ಕಾಸು ಖರ್ಚಿಲ್ಲ.

ಈ ಏರ್ಪಾಟಿನ ಇನ್ನೊಂದು ಪರಿಣಾಮವೇ ಜಗಳದ ಬೇರು. ಕೃಷಿ ಭೂಮಿಗೆ ಎಕರೆಗೆ ಸುಮಾರು 10,000 ಪೌಂಡ್ ಬೆಲೆಯಿದ್ದರೆ, ಮನೆ ಕಟ್ಟಲು ಅನುಮತಿ ಸಿಕ್ಕ ಅದೇ ಎಕರೆ ದಕ್ಷಿಣ ಇಂಗ್ಲೆಂಡಿನ ಬೇಡಿಕೆಯ ಜಾಗಗಳಲ್ಲಿ ಹತ್ತು ಲಕ್ಷ ಪೌಂಡ್ ದಾಟುವುದುಂಟು. ಮಣ್ಣು ಅದೇ, ಮಳೆ ಅದೇ. ಕಚೇರಿಯ ಒಂದು ಸಹಿಯಿಂದ ಬೆಲೆ ನೂರು ಪಟ್ಟು. ಇಂಥ ಲಾಭ ಕಣ್ಣಿಗೆ ಕಾಣುವಾಗ ಕಂಪನಿಗಳು ಹೊಲವನ್ನು ಕೊಂಡುಕೊಳ್ಳುವ ಗೋಜಿಗೂ ಹೋಗುವುದಿಲ್ಲ. ರೈತನಿಗೆ ಒಂದು ಚಿಕ್ಕ ಮೊತ್ತ ಕೊಟ್ಟು 'ಅನುಮತಿ ಸಿಕ್ಕರೆ ನಮಗೇ ಮಾರಬೇಕು' ಎಂಬ ಕರಾರು ಬರೆಸಿಕೊಳ್ಳುತ್ತವೆ. ಇದನ್ನು ಆಪ್ಷನ್ ಎನ್ನುತ್ತಾರೆ. ಬೇಲಿಯ ಮೇಲೆ ನೋಟಿಸು ಕಾಣುವ ಎಷ್ಟೋ ವರ್ಷ ಮೊದಲೇ ಈ ಕರಾರು ಆಗಿರುತ್ತದೆ. ಊರವರು ಚಂದಾ ಎತ್ತಲು ಎದ್ದು ನಿಲ್ಲುವ ಹೊತ್ತಿಗೆ ಆಟ ಅರ್ಧ ಮುಗಿದಿರುವುದು ಈ ಕಾರಣಕ್ಕೆ. ಈ ಹೋರಾಟಗಳಲ್ಲಿ ಹಣದ ಮೊತ್ತಕ್ಕಿಂತ ಹಣ ಬಂದ ಸಮಯ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ. ಮುಂದೆ ಬರುವ ಉದಾಹರಣೆಗಳೆಲ್ಲ ಅದನ್ನೇ ತೋರಿಸುತ್ತವೆ.

ಐನೂರು ಪತ್ರ ಬರೆದರೂ

ಅನುಮತಿ ಕೊಡುವ ಅಧಿಕಾರ ಜಿಲ್ಲಾ ಮಟ್ಟದ ಕೌನ್ಸಿಲ್‌ನದು. ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುವ ಪ್ಯಾರಿಷ್ ಕೌನ್ಸಿಲ್‌ಗೆ ಅಭಿಪ್ರಾಯ ಹೇಳುವುದಷ್ಟೇ ಕೆಲಸ. ಹೊಸಬರು ಸಾಮಾನ್ಯವಾಗಿ ಎಡವುವುದು ಆಕ್ಷೇಪಣೆಯ ಒಕ್ಕಣೆಯಲ್ಲಿ. 'ನಮ್ಮ ಕಿಟಕಿಯಿಂದ ಕಾಣುವ ನೋಟ ಹಾಳಾಗುತ್ತದೆ', 'ನಮ್ಮ ಮನೆಯ ಬೆಲೆ ಬೀಳುತ್ತದೆ' ಎಂಬ ಎರಡು ಮಾತು ನಿಜವೇ ಇರಬಹುದು, ಆದರೆ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ರಸ್ತೆಯ ಸುರಕ್ಷತೆ, ಪ್ರವಾಹದ ಅಪಾಯ, ಸಂರಕ್ಷಿತ ಜೀವಿಗಳು, ಪುರಾತನ ಕಟ್ಟಡದ ಸುತ್ತಲಿನ ಪರಿಸರ, ಒಟ್ಟಾರೆ ಭೂದೃಶ್ಯದ ಮೌಲ್ಯ, ಸ್ಥಳೀಯ ಯೋಜನೆಯಲ್ಲಿ ಆ ಜಾಗಕ್ಕೆ ಬರೆದಿಟ್ಟಿರುವ ಉದ್ದೇಶ. ಒಂದೇ ಮಾದರಿಯ ಐನೂರು ಪತ್ರಗಳಿಗೆ ಇಲ್ಲದ ತೂಕ, ಆ ತಿರುವಿನಲ್ಲಿ ಎದುರಿನ ಕಾರು ಎಷ್ಟು ಮೀಟರ್ ದೂರದಿಂದ ಕಾಣುತ್ತದೆ ಎಂದು ಅಳೆದು ತೋರಿಸಿದ ಒಂದೇ ವರದಿಗೆ ಇರುತ್ತದೆ.

ಅಂಥ ವರದಿ ಬರೆಯಲು ತಜ್ಞರು ಬೇಕು, ತಜ್ಞರಿಗೆ ಶುಲ್ಕ ಕೊಡಬೇಕು. ಕಂಪನಿಯ ಅರ್ಜಿಯ ಜೊತೆ ಸಂಚಾರ, ಪರಿಸರ, ನೀರು, ಭೂದೃಶ್ಯ, ಪುರಾತತ್ವ ಎಂದು ನೂರಾರು ಪುಟಗಳ ದಾಖಲೆ ಬಂದಿರುತ್ತದೆ. ಅದನ್ನು ಬರೆದವರು ಆ ವಿದ್ಯೆಯಲ್ಲಿ ಪಳಗಿದವರು. ಖಂಡಿಸಲೂ ಪಳಗಿದವರೇ ಬೇಕು. ಒಂದು ಸಣ್ಣ ಉದಾಹರಣೆ: ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಎಂಬ ಉಭಯಚರ ಜೀವಿಗೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಹೊಲದ ಮೂಲೆಯ ಹೊಂಡದಲ್ಲಿ ಅದು ಇದೆಯೇ ಎಂದು ನೋಡಲು ವಸಂತಕಾಲವೇ ಸರಿಯಾದ ಸಮಯ, ನೋಡುವವನಿಗೆ ಪರವಾನಗಿ ಇರಬೇಕು. ಮೇ ತಿಂಗಳು ದಾಟಿದ ಮೇಲೆ ಚಂದಾ ಸೇರಿದರೆ ಆ ವಾದಕ್ಕೆ ಬೇಕಾದ ಪುರಾವೆಗೆ ಮುಂದಿನ ವರ್ಷದವರೆಗೆ ಕಾಯಬೇಕಾಗಬಹುದು.

ಊರವರ ಮಾತಿಗೆ ಒಪ್ಪಿ ಕೌನ್ಸಿಲ್ ಅರ್ಜಿಯನ್ನು ತಿರಸ್ಕರಿಸಿತು ಎಂದುಕೊಳ್ಳಿ. ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ. ಅಷ್ಟಕ್ಕೆ ಮುಗಿಯಲಿಲ್ಲ. ಕಂಪನಿ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್ ಎಂಬ ಸರ್ಕಾರಿ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ಕೌನ್ಸಿಲ್ ಅನುಮತಿ ಕೊಟ್ಟಿದ್ದರೆ ಊರವರೂ ಹಾಗೆ ಮೇಲ್ಮನವಿ ಹಾಕಬಹುದಿತ್ತೇ? ಇಲ್ಲ. ಅರ್ಜಿದಾರನಿಗಿರುವ ಆ ಹಕ್ಕು ಇಂಗ್ಲೆಂಡಿನಲ್ಲಿ ಮೂರನೆಯವರಿಗೆ ಇಲ್ಲ. ಪಕ್ಕದ ಐರ್ಲೆಂಡಿನಲ್ಲಿ ಇದೆ. ಆಕ್ಷೇಪಣೆ ಸಲ್ಲಿಸಿದ ಸಾಮಾನ್ಯ ನಾಗರಿಕನೂ ಅಲ್ಲಿ ಮೇಲ್ಮನವಿಗೆ ಹೋಗಬಹುದು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಅಂಶ ಇದು. ಒಬ್ಬನಿಗೆ ಎರಡು ಅವಕಾಶ, ಇನ್ನೊಬ್ಬನಿಗೆ ಒಂದು.

ದೊಡ್ಡ ಮೇಲ್ಮನವಿಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಸರ್ಕಾರ ಕಳಿಸಿದ ಇನ್‌ಸ್ಪೆಕ್ಟರ್ ಮುಂದೆ ಎರಡೂ ಕಡೆಯ ಬ್ಯಾರಿಸ್ಟರ್‌ಗಳು ವಾದಿಸುತ್ತಾರೆ, ಸಾಕ್ಷಿಗಳಿಗೆ ಪಾಟೀಸವಾಲು ಹಾಕುತ್ತಾರೆ. ಊರಿನ ಸಮಿತಿ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ತನ್ನ ಸರದಿ ಬಂದಾಗ ಎರಡು ಮಾತು ಹೇಳಬಹುದು. ಇಲ್ಲವೇ 'ರೂಲ್ 6' ಪಕ್ಷಕಾರ ಎಂಬ ಸ್ಥಾನ ಕೇಳಿ ಪಡೆಯಬಹುದು. ಆ ಸ್ಥಾನ ಸಿಕ್ಕರೆ ಸಮಿತಿಯೂ ಕಂಪನಿಗೆ, ಕೌನ್ಸಿಲ್‌ಗೆ ಸರಿಸಮ: ತನ್ನ ಸಾಕ್ಷಿಗಳನ್ನು ತರಬಹುದು, ಎದುರಿನ ಎಂಜಿನಿಯರನ್ನು ಪ್ರಶ್ನಿಸಬಹುದು. ನೀವು ಓದುವ 'ಹೋರಾಟ ನಿಧಿ'ಗಳ ಬಹುಪಾಲು ಹಣ ಕರಗುವುದು ಇಲ್ಲಿ. ಬ್ಯಾರಿಸ್ಟರ್, ಮೂರ್ನಾಲ್ಕು ತಜ್ಞರು, ಹಲವು ದಿನಗಳ ವಿಚಾರಣೆ ಎಲ್ಲ ಸೇರಿ ಖರ್ಚು ಹತ್ತಾರು ಸಾವಿರ ಪೌಂಡ್‌ಗೆ ಏರುತ್ತದೆ. ಅಷ್ಟು ಕೇಕ್ ಬೇಯಿಸುವುದು ಸುಲಭವಲ್ಲ.

ತಿರಸ್ಕಾರ ಮಾಡಿದ ಕೌನ್ಸಿಲ್ ತನ್ನ ತೀರ್ಮಾನವನ್ನು ತಾನೇ ಸಮರ್ಥಿಸಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಸಮರ್ಥಿಸಿಕೊಳ್ಳುತ್ತದೆ, ಆದರೆ ಹಿಂಜರಿಯುತ್ತಲೇ. ವಿನಾಕಾರಣ ಹಟ ಹಿಡಿಯಿತು ಎಂದು ಇನ್‌ಸ್ಪೆಕ್ಟರಿಗೆ ಅನಿಸಿದರೆ ಕಂಪನಿಯ ಖರ್ಚನ್ನೂ ಕೌನ್ಸಿಲ್ ತೆರಬೇಕಾಗುತ್ತದೆ. ಖಜಾನೆ ಖಾಲಿಯಾಗಿರುವ ಕೌನ್ಸಿಲ್‌ಗಳಿಗೆ ಈ ಭಯ ಸಣ್ಣದಲ್ಲ. ಮೇಲಾಗಿ ಮುಂದಿನ ಐದು ವರ್ಷಕ್ಕೆ ಸಾಲುವಷ್ಟು ಮನೆಗಳಿಗೆ ಜಾಗ ಗುರುತಿಸಿದ್ದೇನೆಂದು ಪ್ರತಿ ಕೌನ್ಸಿಲ್ ತೋರಿಸಬೇಕು. ತೋರಿಸಲಾಗದಿದ್ದರೆ ರಾಷ್ಟ್ರೀಯ ಯೋಜನಾ ನೀತಿಯ ಪ್ರಕಾರ ತಕ್ಕಡಿ ಅನುಮತಿಯ ಕಡೆಗೆ ವಾಲುತ್ತದೆ. ಆಗ ಕಂಪನಿಯ ವಕೀಲರು ಹೊಲದ ಬಗ್ಗೆ ವಾದಿಸುವ ಬದಲು ಅಂಕಿಗಳ ಬಗ್ಗೆ ವಾದಿಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಬದಲಾದ ನೀತಿ ವರ್ಷಕ್ಕೆ ಸುಮಾರು 3,70,000 ಮನೆಗಳ ಲೆಕ್ಕ ಹಾಕಿ ಕೌನ್ಸಿಲ್‌ಗಳ ಗುರಿಯನ್ನು ಹಂಚಿದೆ. ಅನೇಕ ಕಡೆ ಐದು ವರ್ಷದ ಲೆಕ್ಕ ತಪ್ಪಿ ಹೋಗಿರುವುದು ಇದರಿಂದಲೇ. ಊರ ಸಮಿತಿಗಳ ಕೆಲಸ ಇನ್ನಷ್ಟು ಕಷ್ಟವಾಗಿದೆ.

ಅನುಮತಿ ಸಿಕ್ಕೇಬಿಟ್ಟರೆ ಕೊನೆಯ ದಾರಿ ಹೈಕೋರ್ಟು. ಆರು ವಾರಗಳ ಗಡುವು. ನ್ಯಾಯಾಲಯ ನೋಡುವುದು ತೀರ್ಮಾನ ಕಾನೂನಿನ ಪ್ರಕಾರ ಆಗಿದೆಯೇ ಎಂಬುದನ್ನು ಮಾತ್ರ. ಆ ಹೊಲ ಚೆಂದವೋ ಅಲ್ಲವೋ ಎಂಬುದು ಅದರ ವಿಷಯವಲ್ಲ. ಪರಿಸರದ ಮೊಕದ್ದಮೆಗಳಲ್ಲಿ ಸೋತರೆ ಎದುರಿನವರ ಖರ್ಚಿಗೆ ಮಿತಿ ಇದೆ: ಸಾಮಾನ್ಯವಾಗಿ ವ್ಯಕ್ತಿಗೆ 5,000 ಪೌಂಡ್, ಸಂಘಟನೆಗೆ 10,000 ಪೌಂಡ್. ತಮ್ಮ ವಕೀಲರ ಶುಲ್ಕ ಬೇರೆ. ಗೆದ್ದರೂ ಸಿಗುವುದು ಅನುಮತಿಯ ರದ್ದು, ಅಷ್ಟೇ. ಕೌನ್ಸಿಲ್ ಮತ್ತೆ ಕೂತು, ತಪ್ಪು ತಿದ್ದಿಕೊಂಡು, ಅದೇ ಅನುಮತಿಯನ್ನು ಮತ್ತೆ ಕೊಡಬಹುದು.

ಇಪ್ಪತ್ತು ವರ್ಷ ನಾಯಿ ಅಡ್ಡಾಡಿಸಿದ ಹಕ್ಕು

ಇಂಗ್ಲಿಷ್ ಕಾನೂನಿನ ಒಂದು ವಿಚಿತ್ರ ಬಾಗಿಲು ಇಲ್ಲಿದೆ. ಊರವರು ಒಂದು ಬಯಲಿನಲ್ಲಿ ಕನಿಷ್ಠ ಇಪ್ಪತ್ತು ವರ್ಷ ಆಟ, ಓಡಾಟ, ವಿಹಾರ ನಡೆಸಿದ್ದರೆ ಅದನ್ನು ವಿಲೇಜ್ ಗ್ರೀನ್, ಅಂದರೆ ಊರ ಬಯಲು ಎಂದು ನೋಂದಾಯಿಸಬಹುದು. 2006ರ ಕಾಮನ್ಸ್ ಕಾಯ್ದೆಯ 15ನೇ ಸೆಕ್ಷನ್ ಅದಕ್ಕೆ ಆಧಾರ. ಅರ್ಜಿಗೆ ಶುಲ್ಕವಿಲ್ಲ. ಒಮ್ಮೆ ನೋಂದಣಿಯಾದರೆ ಅಲ್ಲಿ ಕಟ್ಟಡ ಏಳುವುದು ಅಸಾಧ್ಯಕ್ಕೆ ಹತ್ತಿರ. ಹತ್ತೊಂಬತ್ತನೇ ಶತಮಾನದ ಕಾಯ್ದೆಗಳು ಅದಕ್ಕೆ ಇಂದಿಗೂ ಕಾವಲು.

ಬಳಸಿದ್ದು ಹೇಗಿರಬೇಕು? ಬಲವಂತದಿಂದ ಇರಬಾರದು, ಕದ್ದುಮುಚ್ಚಿ ಇರಬಾರದು, ಅನುಮತಿ ಪಡೆದೂ ಇರಬಾರದು. ಮೂರನೆಯದೇ ತಮಾಷೆ. ಒಳ್ಳೆಯ ಮನಸ್ಸಿನಿಂದ 'ಬನ್ನಿ, ಓಡಾಡಿ' ಎಂದು ಫಲಕ ಹಾಕಿದ ಜಮೀನುದಾರನ ಬಯಲಿನಲ್ಲಿ ಊರಿಗೆ ಹಕ್ಕು ಹುಟ್ಟುವುದಿಲ್ಲ. ಕಂಡೂ ಕಾಣದಂತೆ ಸುಮ್ಮನಿದ್ದವನ ಬಯಲಿನಲ್ಲಿ ಹುಟ್ಟುತ್ತದೆ. ನಮ್ಮ ವಕೀಲರಿಗೆ ಇದು ಪೂರ್ತಿ ಹೊಸದೇನಲ್ಲ. ಭಾರತದ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ದಾರಿಯ ಹಕ್ಕಿಗೆ ಹೇಳಿರುವುದೂ ಇಪ್ಪತ್ತು ವರ್ಷದ ಬಹಿರಂಗ, ನಿರಾತಂಕ ಬಳಕೆಯನ್ನೇ. ಎರಡೂ ಒಂದೇ ಬೇರಿನ ಚಿಗುರು.

ಈ ಬಾಗಿಲನ್ನು ಅಗಲ ಮಾಡಿದ್ದು ಆಕ್ಸ್‌ಫರ್ಡ್‌ಶೈರ್‌ನ ಸನಿಂಗ್‌ವೆಲ್ ಎಂಬ ಹಳ್ಳಿ. ಚರ್ಚಿಗೆ ಸೇರಿದ ಸುಮಾರು ಹತ್ತು ಎಕರೆ ಬಯಲಿಗಾಗಿ ಅಲ್ಲಿನ ಪ್ಯಾರಿಷ್ ಕೌನ್ಸಿಲ್ ಆಗ ದೇಶದ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1999ರಲ್ಲಿ ಲಾರ್ಡ್ ಹಾಫ್‌ಮನ್ ಬರೆದ ತೀರ್ಪು ಊರಿನ ಪರವಾಗಿ ಬಂತು. ಊರ ಬಯಲು ಎಂದರೆ ಕ್ರಿಕೆಟ್ಟು, ಹಬ್ಬದ ಕುಣಿತವೇ ಆಗಬೇಕಿಲ್ಲ. ನಾಯಿ ಅಡ್ಡಾಡಿಸುವುದು, ಮಕ್ಕಳ ಜೊತೆ ಆಡುವುದೂ ಸಾಕು ಎಂಬುದು ಅದರ ಸಾರ. ತಮಗೆ ಹಕ್ಕಿದೆ ಎಂಬ ನಂಬಿಕೆ ಬಳಸಿದವರ ಮನಸ್ಸಿನಲ್ಲಿ ಇತ್ತೇ ಎಂದು ಅಗೆದು ನೋಡಬೇಕಿಲ್ಲ ಎಂದೂ ಹೇಳಿತು.

ಅಂಥ ಅರ್ಜಿಯ ಕಡತವನ್ನು ತೆರೆದರೆ ಒಂದು ಊರಿನ ಬಾಲ್ಯವೇ ಅಲ್ಲಿರುತ್ತದೆ. ಹಿಮ ಬಿದ್ದ ಚಳಿಗಾಲದಲ್ಲಿ ಇಳಿಜಾರಿನಲ್ಲಿ ಜಾರುಬಂಡಿ ಎಳೆಯುವ ಮಕ್ಕಳ ಫೋಟೊ, ನವೆಂಬರ್ 5ರ ಗೈ ಫಾಕ್ಸ್ ಹಬ್ಬದ ರಾತ್ರಿ ಹಾಕಿದ ಬೆಂಕಿಯ ಫೋಟೊ, ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಕಿತ್ತದ್ದು, ಗಾಳಿಪಟ ಹಾರಿಸಿದ್ದು, ಯಾರು ಯಾವ ವರ್ಷದಿಂದ ಯಾವ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತಿದ್ದರು ಎಂಬ ನಕ್ಷೆ, ಸಹಿ ಹಾಕಿದ ಹತ್ತಾರು ಹೇಳಿಕೆಗಳು. ಜಮೀನುದಾರನ ಕಡೆಯ ಕಡತದಲ್ಲಿ ಮುಳ್ಳುತಂತಿ ಕೊಂಡ ರಸೀತಿ, ಹುಲ್ಲು ಕೊಯ್ದ ದಿನಗಳ ಪಟ್ಟಿ, 'ಖಾಸಗಿ ಜಾಗ' ಎಂಬ ಫಲಕದ ಚಿತ್ರ, ವಿಮಾನದಿಂದ ತೆಗೆದ ಹಳೆಯ ಫೋಟೊ. ತಂತಿ ಕತ್ತರಿಸಿ ಒಳಹೋದದ್ದು ಸಾಬೀತಾದರೆ ಅದು ಬಲವಂತದ ಬಳಕೆ. ಇಪ್ಪತ್ತು ವರ್ಷದ ಲೆಕ್ಕ ಅಲ್ಲಿಗೆ ಮುರಿಯುತ್ತದೆ.

2013ರಲ್ಲಿ ಸರ್ಕಾರ ಈ ಬಾಗಿಲನ್ನು ಮುಕ್ಕಾಲು ಮುಚ್ಚಿತು. ಕಟ್ಟಡದ ಅರ್ಜಿ ಪ್ರಕಟವಾದ ಮೇಲೆ ಆ ಜಾಗಕ್ಕೆ ಊರ ಬಯಲಿನ ಅರ್ಜಿ ಹಾಕುವಂತಿಲ್ಲ. ಅಂದರೆ ಬೇಲಿಯ ಮೇಲೆ ನೋಟಿಸು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಯಾವ ಗಲಾಟೆಯೂ ಇಲ್ಲದ ವರ್ಷದಲ್ಲಿ ಕೂತು ಫೋಟೊ ಹುಡುಕಿ ಅರ್ಜಿ ಹಾಕಿದ ಊರಿಗೆ ಮಾತ್ರ ಇದು ದಕ್ಕುತ್ತದೆ. ಗಲಾಟೆ ಇಲ್ಲದಾಗ ಯಾರು ಹಾಕುತ್ತಾರೆ!

ಮಣ್ಣನ್ನೇ ಕೊಳ್ಳುವುದು

ವಾದಕ್ಕೆ ಖರ್ಚು ಮಾಡಿದ ಹಣ ವಾದ ಮುಗಿದ ಮೇಲೆ ಇರುವುದಿಲ್ಲ. ಇವತ್ತು ಸೋತ ಕಂಪನಿ ಐದು ವರ್ಷದ ಮೇಲೆ ಹೊಸ ನಕ್ಷೆ ಹಿಡಿದು ಬರಬಹುದು. ಹಾಗಾಗಿ ಹೊಲವನ್ನೇ ಕೊಂಡುಬಿಡುವ ಯೋಚನೆ ಹಳೆಯದು.

1902ರಲ್ಲಿ ಲೇಕ್ ಡಿಸ್ಟ್ರಿಕ್ಟಿನ ಡರ್ವೆಂಟ್‌ವಾಟರ್ ಸರೋವರದ ಪಶ್ಚಿಮ ದಂಡೆಯ ಬ್ರಾಂಡೆಲ್‌ಹೌ ಎಂಬ ಕಾಡು ಮಾರಾಟಕ್ಕೆ ಬಂತು. ಸಿರಿವಂತರ ಬಂಗಲೆಗಳು ಏಳುವ ಭಯ. ಇಂಥ ಜಾಗಗಳನ್ನು ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಆಗ ಹುಟ್ಟಿ ಏಳು ವರ್ಷವಾಗಿತ್ತು. ಅದರ ಸ್ಥಾಪಕರಾದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ, ಆಕ್ಟೇವಿಯಾ ಹಿಲ್, ವಕೀಲ ರಾಬರ್ಟ್ ಹಂಟರ್ ಸಾರ್ವಜನಿಕ ಚಂದಾ ಎತ್ತಿದರು. ಐದು ತಿಂಗಳಲ್ಲಿ 6,500 ಪೌಂಡ್ ಸೇರಿತು, 108 ಎಕರೆ ಉಳಿಯಿತು. ಆ ಸರೋವರವನ್ನು ಎಂದೂ ಕಾಣದ, ಕೈಗಾರಿಕಾ ನಗರಗಳ ಕೂಲಿಕಾರರೂ ಶಿಲಿಂಗ್‌ಗಳನ್ನು ಕಳಿಸಿದರು. 1907ರ ಕಾಯ್ದೆ ಟ್ರಸ್ಟಿಗೆ ಇನ್ನೊಂದು ಬಲ ಕೊಟ್ಟಿತು: ತನ್ನ ಭೂಮಿಯನ್ನು ಪರಭಾರೆ ಮಾಡಲಾಗದ ಆಸ್ತಿ ಎಂದು ಅದು ಘೋಷಿಸಬಹುದು.

ನನಗೆ ಹೆಚ್ಚು ಇಷ್ಟವಾಗುವ ಕಥೆ ಆಟ್‌ಮೂರ್‌ನದು. ಆಕ್ಸ್‌ಫರ್ಡಿನ ಈಶಾನ್ಯಕ್ಕಿರುವ ತಗ್ಗಾದ ಜವುಗು ಬಯಲು ಅದು, ಸುತ್ತ ಬೆಕ್ಲಿ, ನೋಕ್, ಆಡಿಂಗ್ಟನ್, ಚಾರ್ಲ್‌ಟನ್ ಮುಂತಾದ ಏಳು ಊರು. ಶತಮಾನಗಳಿಂದ ಆ ಊರವರು ಅಲ್ಲಿ ದನ, ಹೆಬ್ಬಾತು ಮೇಯಿಸಿಕೊಂಡು ಬಂದಿದ್ದರು. 1815ರಲ್ಲಿ ಪಾರ್ಲಿಮೆಂಟು ಅದಕ್ಕೆ ಬೇಲಿ ಹಾಕಿ ಜಮೀನುದಾರರಿಗೆ ಹಂಚುವ ಕಾಯ್ದೆ ಮಾಡಿತು. ನಮ್ಮಲ್ಲಿ ಗೋಮಾಳ ಕೈತಪ್ಪಿದ ಊರಿನವರಿಗೆ ಆ ಸಿಟ್ಟು ಹೇಳಿಕೊಡಬೇಕಿಲ್ಲ. 1830ರ ಬೇಸಿಗೆಯಲ್ಲಿ ರಾತ್ರೋರಾತ್ರಿ ಬೇಲಿಗಳು ಉರುಳತೊಡಗಿದವು. ಸೆಪ್ಟೆಂಬರ್ 6ರಂದು ಸುಮಾರು ಸಾವಿರ ಜನ ಹಗಲಿನಲ್ಲೇ ಬಯಲಿನ ಎಲ್ಲೆಯುದ್ದಕ್ಕೂ ನಡೆದು, ಸಿಕ್ಕ ಬೇಲಿಯನ್ನೆಲ್ಲ ಕಿತ್ತರು. ಅಶ್ವಪಡೆ ಬಂತು. ಹಿಡಿದವರಲ್ಲಿ 44 ಜನರನ್ನು ಗಾಡಿಗಳಲ್ಲಿ ಕೂರಿಸಿ ಆಕ್ಸ್‌ಫರ್ಡ್ ಜೈಲಿಗೆ ಹೊರಟರು. ಅವತ್ತು ಆಕ್ಸ್‌ಫರ್ಡಿನಲ್ಲಿ ಸೇಂಟ್ ಜೈಲ್ಸ್ ಜಾತ್ರೆ ಎಂಬುದನ್ನು ಅಧಿಕಾರಿಗಳು ಯೋಚಿಸಿದಂತೆ ಕಾಣುವುದಿಲ್ಲ. ಜಾತ್ರೆಯ ಜನ ಸೈನಿಕರ ಮೇಲೆ ಕಲ್ಲು, ಇಟ್ಟಿಗೆ ತೂರಿ 44 ಜನರನ್ನೂ ಬಿಡಿಸಿ ಕಳಿಸಿದರು. ಬೇಲಿ ಮಾತ್ರ ಕೊನೆಗೂ ಬಂತು.

ಒಂದೂವರೆ ಶತಮಾನದ ಮೇಲೆ, 1980ರ ದಶಕದಲ್ಲಿ, ಆಕ್ಸ್‌ಫರ್ಡಿನಿಂದ ಬರ್ಮಿಂಗ್‌ಹ್ಯಾಮ್ ಕಡೆಗೆ ಬೆಳೆಸಬೇಕಿದ್ದ ಎಂ40 ಹೆದ್ದಾರಿಯನ್ನು ಅದೇ ಬಯಲಿನ ಮೇಲೆ ಎಳೆಯುವ ಯೋಜನೆ ಬಂತು. ಈ ಸಲ ಜನ ಕೊಡಲಿ ಹಿಡಿಯಲಿಲ್ಲ. ಫ್ರೆಂಡ್ಸ್ ಆಫ್ ದಿ ಅರ್ಥ್ ಸಂಘಟನೆಯವರು ಹೆದ್ದಾರಿಯ ದಾರಿಯಲ್ಲಿದ್ದ ಒಂದು ಹೊಲ ಕೊಂಡು, ಅದಕ್ಕೆ 'ಆಲಿಸ್‌ಳ ಹುಲ್ಲುಗಾವಲು' ಎಂದು ಹೆಸರಿಟ್ಟು, ಮೂರು ಸಾವಿರಕ್ಕೂ ಹೆಚ್ಚು ತುಣುಕುಗಳಾಗಿ ಪ್ರಪಂಚದ ನಾನಾ ಕಡೆಯವರಿಗೆ ಮಾರಿದರು. ಭೂಸ್ವಾಧೀನ ಮಾಡಬೇಕೆಂದರೆ ಸರ್ಕಾರ ಪ್ರತಿಯೊಬ್ಬ ಒಡೆಯನಿಗೂ ನೋಟಿಸು ಕೊಡಬೇಕು, ಪ್ರತಿಯೊಬ್ಬನ ಆಕ್ಷೇಪಣೆಯನ್ನೂ ಕೇಳಬೇಕು. ದೇಶ ದೇಶಗಳಲ್ಲಿ ಹರಡಿಕೊಂಡ ಮೂರು ಸಾವಿರ ಜನರನ್ನು ಹುಡುಕುವ ಗುಮಾಸ್ತರ ಪಾಡು ಊಹಿಸಿಕೊಳ್ಳಿ. ಹೆದ್ದಾರಿ ಕೊನೆಗೆ ಆಟ್‌ಮೂರ್ ಅನ್ನು ಬಳಸಿಕೊಂಡು ಹೋಯಿತು. ಆ ಒಂದು ಹೊಲದಿಂದಲೇ ಹಾಗಾಯಿತು ಎನ್ನುವುದು ಉತ್ಪ್ರೇಕ್ಷೆ. ಆ ಜವುಗಿನ ಜೀವಸಂಪತ್ತಿನ ಪರವಾಗಿ ಗಟ್ಟಿ ವಾದವೂ ಇತ್ತು. 1997ರಿಂದ ಅಲ್ಲಿ ಹಕ್ಕಿಗಳ ರಕ್ಷಣೆಗೆ ದುಡಿಯುವ ಆರ್‌ಎಸ್‌ಪಿಬಿ ಸಂಸ್ಥೆಯ ಪಕ್ಷಿಧಾಮ ಇದೆ.

2009ರಲ್ಲಿ ಗ್ರೀನ್‌ಪೀಸ್ ಇದೇ ಉಪಾಯವನ್ನು ಹೀಥ್ರೂ ವಿಮಾನ ನಿಲ್ದಾಣದ ಮೂರನೇ ರನ್‌ವೇ ವಿರುದ್ಧ ಬಳಸಿತು. ಸಿಪ್ಸನ್ ಹಳ್ಳಿಯಲ್ಲಿ ತುಂಡು ನೆಲ ಕೊಂಡು ಸಾವಿರಾರು ಜನರನ್ನು ಅದರ ಪಾಲುದಾರರನ್ನಾಗಿ ಮಾಡಿತು. ಕಾನೂನಿನ ಒಂದು ಸಣ್ಣ ತೊಡಕು: ಇಂಗ್ಲೆಂಡಿನಲ್ಲಿ ಒಂದು ಜಮೀನಿನ ದಾಖಲೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜಂಟಿ ಒಡೆಯರ ಹೆಸರು ಇರುವಂತಿಲ್ಲ. ಉಳಿದವರು ಹಿತಾಸಕ್ತಿ ಉಳ್ಳ ಫಲಾನುಭವಿಗಳು ಮಾತ್ರ. ಪ್ರಚಾರಕ್ಕೆ ಅಷ್ಟು ಸಾಕು. 2010ರಲ್ಲಿ ಹೊಸ ಸರ್ಕಾರ ರನ್‌ವೇ ಯೋಜನೆ ಕೈಬಿಟ್ಟಿತು, ಮುಂದೆ ಅದು ಮತ್ತೆ ಜೀವ ಪಡೆಯಿತು.

ಇನ್ನೂ ಅಗ್ಗದ ಒಂದು ಉಪಾಯವಿದೆ. ಬಡಾವಣೆಗೆ ರಸ್ತೆ ಬೇಕು. ಆ ರಸ್ತೆ ಹಾದುಹೋಗಬೇಕಾದ ಕೆಲವೇ ಅಡಿ ಅಗಲದ ಪಟ್ಟಿ ಬೇರೆಯವರದಾಗಿದ್ದರೆ ಅವರ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡಲಾಗುವುದಿಲ್ಲ. ಇದನ್ನು ರ‍್ಯಾನ್ಸಮ್ ಸ್ಟ್ರಿಪ್ ಎಂದೇ ಕರೆಯುತ್ತಾರೆ, ಒತ್ತೆಹಣದ ಪಟ್ಟಿ. 1961ರ ಸ್ಟೋಕ್ಸ್ ವಿರುದ್ಧ ಕೇಂಬ್ರಿಡ್ಜ್ ಪ್ರಕರಣದಲ್ಲಿ ಇಂಥ ಪಟ್ಟಿಯ ಬೆಲೆಯನ್ನು ಒಳಗಿನ ಜಮೀನಿನ ಬೆಲೆ ಏರಿಕೆಯ ಮೂರನೇ ಒಂದು ಭಾಗ ಎಂದು ಲೆಕ್ಕ ಹಾಕಲಾಯಿತು. ಊರಿನ ಸಮಿತಿಗೆ ಆ ಹಣ ಬೇಡ. ಪಟ್ಟಿಯನ್ನು ಕೊಂಡು ಸುಮ್ಮನೆ ಕೂತರೆ ಸಾಕು. ಕೊಳ್ಳುವ ಮೊದಲು ಹೆದ್ದಾರಿ ಇಲಾಖೆಯ ನಕ್ಷೆ ನೋಡಬೇಕು. ಆ ಹುಲ್ಲಿನ ಅಂಚು ಸಾರ್ವಜನಿಕ ರಸ್ತೆಯ ಭಾಗವೆಂದು ನಕ್ಷೆಯಲ್ಲಿದ್ದರೆ ಕೊಟ್ಟ ಹಣ ನೀರಿನಲ್ಲಿ ಹೋಮ.

ಇಡೀ ಹೊಲ ಕೊಳ್ಳುವಾಗ ಬೆಲೆಗಿಂತ ಕರಾರು ಓದುವುದು ಮುಖ್ಯ. ಜಾಣ ಒಡೆಯ ಕೃಷಿ ಬೆಲೆಗೆ ಮಾರುತ್ತಾನೆ, ಜೊತೆಗೆ ಮುಂದಿನ ಇಷ್ಟು ವರ್ಷಗಳಲ್ಲಿ ಇಲ್ಲಿ ಕಟ್ಟಡಕ್ಕೆ ಅನುಮತಿ ಸಿಕ್ಕರೆ ಏರಿದ ಬೆಲೆಯಲ್ಲಿ ತನಗೆ ಪಾಲು ಎಂದು ಬರೆಸುತ್ತಾನೆ. ಕಟ್ಟುವ ಉದ್ದೇಶವೇ ಇಲ್ಲದ ಊರಿಗೆ ಇದರಿಂದ ತೊಂದರೆಯಿಲ್ಲ, ಹಾಗಾಗಿ ಒಪ್ಪಬಹುದು. ಕೊಂಡ ನೆಲ ಯಾರ ಹೆಸರಿನಲ್ಲಿರಬೇಕು ಎನ್ನುವುದು ಇನ್ನೊಂದು ಪ್ರಶ್ನೆ. ಸುಮ್ಮನೆ ಸೇರಿದ ಸಮಿತಿ ತನ್ನ ಹೆಸರಿನಲ್ಲಿ ಭೂಮಿ ಹೊಂದುವಂತಿಲ್ಲ. ನೋಂದಾಯಿತ ಚಾರಿಟಿ, ಅಂದರೆ ದತ್ತಿ ಸಂಸ್ಥೆ ಆಗಬೇಕು, ಇಲ್ಲವೇ ಊರವರು ಷೇರು ಕೊಂಡು ಒಬ್ಬರಿಗೆ ಒಂದೇ ಮತ ಎಂಬ ನಿಯಮದಲ್ಲಿ ನಡೆಸುವ ಸಮುದಾಯ ಹಿತ ಸಂಘ ಆಗಬೇಕು. ನಮ್ಮ ಸಹಕಾರ ಸಂಘಗಳನ್ನು ಬಲ್ಲವರಿಗೆ ಅದರ ಚೌಕಟ್ಟು ಅಪರಿಚಿತವೆನಿಸದು. ಚಾರಿಟಿಗೆ ಒಂದು ಅನುಕೂಲ ಹೆಚ್ಚು: ಆದಾಯ ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡ್‌ಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಒಂದು ಅರ್ಜಿಯನ್ನು ವಿರೋಧಿಸಲೆಂದೇ ಹುಟ್ಟಿದ ಗುಂಪಿಗೆ ಚಾರಿಟಿ ನೋಂದಣಿ ಸಿಗುವುದು ಕಷ್ಟ.

ಯಾರ ಹೊಲ ಉಳಿಯುತ್ತದೆ

ಈವರೆಗೆ ಊರವರ ಕಣ್ಣಿನಿಂದ ನೋಡಿದ್ದಾಯಿತು. ಇಂಗ್ಲೆಂಡಿನಲ್ಲಿ ಸಾಮಾಜಿಕ ವಸತಿಗಾಗಿ ಹೆಸರು ಬರೆಸಿ ಕಾಯುತ್ತಿರುವ ಕುಟುಂಬಗಳು 13 ಲಕ್ಷದಷ್ಟಿವೆ. ಸರಾಸರಿ ಮನೆಯ ಬೆಲೆ ವರ್ಷದ ಸಂಬಳದ ಸುಮಾರು ಎಂಟು ಪಟ್ಟು. ಸಭಾಂಗಣದಲ್ಲಿ ಚಪ್ಪಾಳೆ ತಟ್ಟುವವರಲ್ಲಿ ಅನೇಕರು ಮೂವತ್ತು ವರ್ಷದ ಹಿಂದೆ, ಹಾಗೆಯೇ ಹೊಲದ ಮೇಲೆ ಎದ್ದ ಬಡಾವಣೆಯಲ್ಲಿ ಮನೆ ಕೊಂಡವರು. ಅವರ ಮಕ್ಕಳಿಗೆ ಅದೇ ಊರಿನಲ್ಲಿ ಬಾಡಿಗೆ ಮನೆಯೂ ಎಟುಕುವುದಿಲ್ಲ. ಇನ್ನೊಂದು ಮಾತು: ನಿವೃತ್ತ ವಕೀಲರು, ಎಂಜಿನಿಯರುಗಳು ತುಂಬಿರುವ ಊರು ಒಂದೇ ತಿಂಗಳಲ್ಲಿ ದೊಡ್ಡ ನಿಧಿ ಕೂಡಿಸುತ್ತದೆ, ಬಡವರ ಊರಿನ ಪಕ್ಕದ ಹೊಲಕ್ಕೆ ಅಂಥ ವಕಾಲತ್ತು ಸಿಗುವುದಿಲ್ಲ. ಆಕ್ಷೇಪಣೆ ಉಚಿತ, ಅದು ಕೇಳಿಸುವಂತೆ ಮಾಡುವುದು ದುಬಾರಿ ಎಂಬ ಸ್ಥಿತಿಯಲ್ಲಿ ಮನೆಗಳು ಕಟ್ಟಲ್ಪಡುವ ಜಾಗವನ್ನು ಭೂಮಿಯ ಗುಣಕ್ಕಿಂತ ನೆರೆಹೊರೆಯ ಜೇಬು ನಿರ್ಧರಿಸುವ ಅಪಾಯವಿದೆ. ಹೊಲ ಉಳಿಸುವವರ ಬಗ್ಗೆ ನನಗೆ ಮೆಚ್ಚುಗೆ ಇದ್ದರೂ ಈ ಟೀಕೆಗೆ ಸರಿಯಾದ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.

ಕೆಲವು ಊರುಗಳು ಬೇರೆ ರೀತಿ ಯೋಚಿಸಿವೆ. 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ಊರೇ ತನ್ನ ಯೋಜನೆಯನ್ನು ಬರೆದುಕೊಳ್ಳಬಹುದು: ಮನೆ ಎಲ್ಲಿ ಬರಲಿ, ಯಾವ ಬಯಲು ಹಸಿರಾಗಿ ಉಳಿಯಲಿ. ಊರಿನ ಮತದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅದಕ್ಕೆ ಕಾನೂನಿನ ಬಲ ಬರುತ್ತದೆ. 2013ರಲ್ಲಿ ಕಂಬ್ರಿಯಾದ ಅಪ್ಪರ್ ಈಡನ್ ಮೊದಲು ಈ ದಾರಿ ತುಳಿಯಿತು. ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಎಂಬ ಊರವರದೇ ಸಂಸ್ಥೆಗಳು ಚಂದಾ ಎತ್ತಿ ಭೂಮಿ ಕೊಂಡು, ಸ್ಥಳೀಯರಿಗೆ ಎಟುಕುವ ಬೆಲೆಯ ಹತ್ತಾರು ಮನೆಗಳನ್ನು ತಾವೇ ಕಟ್ಟಿಸುತ್ತವೆ. ಇಲ್ಲಿಯೂ ವರ್ಷಗಟ್ಟಲೆ ಸಭೆ, ಸರ್ವೆ, ಕಾಗದ. ಬೇಲಿಯ ಮೇಲಿನ ನೋಟಿಸು ಹುಟ್ಟಿಸುವ ರೋಷವಿಲ್ಲದೆ ಜನರನ್ನು ಅಷ್ಟು ದಿನ ಹಿಡಿದಿಡುವುದು ಖಜಾಂಚಿಗೆ ಚಂದಾ ಎತ್ತುವುದಕ್ಕಿಂತ ಕಷ್ಟದ ಕೆಲಸ.

ಹೊಲ ಕೊಂಡ ಊರಿಗೂ ಖರ್ಚು ಮುಗಿಯುವುದಿಲ್ಲ. ಓಡಾಡುವವರ ಮೇಲೆ ಕೊಂಬೆ ಬಿದ್ದರೆ ಎಂದು ವಿಮೆ ಮಾಡಿಸಬೇಕು. 2012ರಿಂದ ಬ್ರಿಟನ್ನಿನ ಆಷ್ ಮರಗಳಿಗೆ ಹರಡಿರುವ ಶಿಲೀಂಧ್ರ ರೋಗದಿಂದ ಆ ಭಯ ಹೆಚ್ಚಿದೆ, ಒಣಗಿದ ಮರ ಕಡಿಸಲು ದೊಡ್ಡ ಬಿಲ್ಲೇ ಆಗುತ್ತದೆ. ಕುದುರೆ, ದನಗಳಿಗೆ ವಿಷವಾಗುವ ರ‍್ಯಾಗ್‌ವರ್ಟ್ ಕಳೆಯನ್ನು ಕೈಯಿಂದ ಕೀಳಬೇಕು. ಕೃಷಿ ಭೂಮಿಯ ಜೀವಂತ ಬೇಲಿಯನ್ನು ಹಕ್ಕಿಗಳು ಗೂಡು ಕಟ್ಟುವ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸವರುವಂತಿಲ್ಲ. ಸೆಪ್ಟೆಂಬರಿನಲ್ಲಿ ಯಂತ್ರ ಬಾಡಿಗೆಗೆ ತರಬೇಕು. 'ಹೊಲ ಉಳಿಸಿ' ಎಂದಾಗ ಕೈ ಬಿಚ್ಚಿದವರು 'ಬೇಲಿ ಸವರಲು ಕೊಡಿ' ಎಂದರೆ ಕೊಡುವುದಿಲ್ಲ. ಅನುಭವಸ್ಥ ಸಮಿತಿಗಳು ಅದಕ್ಕೇ ಮೊದಲ ಮನವಿಯಲ್ಲೇ ಹಲವು ವರ್ಷಗಳ ನಿರ್ವಹಣೆಯ ಮೊತ್ತವನ್ನೂ ಸೇರಿಸಿ ಕೇಳುತ್ತವೆ, ಹುಲ್ಲನ್ನು ಪಕ್ಕದ ರೈತನಿಗೆ ಮೇವಿಗೆ ಗುತ್ತಿಗೆ ಕೊಟ್ಟು ವಿಮೆಯ ಕಂತು ಕಟ್ಟುತ್ತವೆ.